ಬರೆಯುವವರ ಪಕ್ಕದಲ್ಲಿ ಯಾರು? ಕೊಲ್ಹಾಪುರ ಸೀಮೆಯ ಕನ್ನಡಿಗರ ವಿದ್ವತ್ ಬರವಣಿಗೆಯ ಚರಿತ್ರೆ



ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಪ್ರಾಥಮಿಕ ಶಾಲೆಯ ಬಾಗಿಲಲ್ಲೇ ನಿಲ್ಲುತ್ತದೆ. ಶಾಲೆ ಉಳಿಯಿತೇ, ಶಿಕ್ಷಕರು ಬಂದರೇ, ಪಠ್ಯಪುಸ್ತಕ ಸಿಕ್ಕಿತೇ ಎಂದು ಕೇಳುತ್ತೇವೆ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಈ ಟಿಪ್ಪಣಿಯಲ್ಲಿ ಇನ್ನೊಂದು ಪ್ರಶ್ನೆಯತ್ತ ನಿಮ್ಮ ಗಮನ ಸೆಳೆಯಬಯಸುತ್ತೇನೆ. ಗಡಿನಾಡಿನ ಕನ್ನಡ ಮನೆಯ ಮಗು ಬೆಳೆದು, ವಿಶ್ವವಿದ್ಯಾಲಯಕ್ಕೆ ಹೋಗಿ, ಮೊದಲ ಸಂಶೋಧನ ಲೇಖನ ಬರೆಯಲು ಕುಳಿತಾಗ ಅದರ ಪಕ್ಕದಲ್ಲಿ ಕುಳಿತು ಆ ಬರಹವನ್ನು ಓದುವವರು ಯಾರು?

ಪುಣೆ–ಬೆಂಗಳೂರು ಹೆದ್ದಾರಿ ಪಂಚಗಂಗೆಯನ್ನು ದಾಟುವಲ್ಲಿ ಶಿರೋಳಿ ಇದೆ. ಹೊಳೆಯ ಆಚೆಗೆ ಕೊಲ್ಹಾಪುರ, ಪೂರ್ವಕ್ಕೆ ಇಚಲಕರಂಜಿ, ದಕ್ಷಿಣಕ್ಕೆ ಗಡಹಿಂಗ್ಲಜ. ಈ ಸೀಮೆಯಲ್ಲಿ ವಿದ್ವತ್ ಬರವಣಿಗೆಗೆ ನೆರವು ಸಿಗುತ್ತಿದ್ದ ಕಾಲ ಬಹು ಹಳೆಯದು. 12ನೆಯ ಶತಮಾನದಲ್ಲಿ ಶಿಲಾಹಾರರು ಇಲ್ಲಿ ಆಳುತ್ತಿದ್ದಾಗ ಕೊಲ್ಹಾಪುರದ ರೂಪನಾರಾಯಣ ಬಸದಿ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಅಲ್ಲಿಯ ಆಚಾರ್ಯ ಮಾಘನಂದಿ ಸೈದ್ಧಾಂತಿಕರ ಹೆಸರು ತೇರದಾಳದ ಕನ್ನಡ ಶಾಸನದವರೆಗೂ ಹಬ್ಬಿದೆ. ಶಿಲಾಹಾರ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ ನೇಮಿನಾಥಪುರಾಣವನ್ನು ರಚಿಸಿದನು. ಗಡಹಿಂಗ್ಲಜದ ನೆರೆಯ ಆಜರೆಯ ಬಸದಿಯಲ್ಲಿ 1205ರಲ್ಲಿ ಸೋಮದೇವನು ಶಬ್ದಾರ್ಣವಚಂದ್ರಿಕೆಯೆಂಬ ಸಂಸ್ಕೃತ ವ್ಯಾಕರಣ ಗ್ರಂಥವನ್ನು ಮುಗಿಸಿದನು. ಗಮನಿಸಿ: ಶಾಸನ ಕನ್ನಡದಲ್ಲಿ, ವ್ಯಾಕರಣ ಸಂಸ್ಕೃತದಲ್ಲಿ, ಪುರಾಣ ಮತ್ತೆ ಕನ್ನಡದಲ್ಲಿ. ಒಂದು ಭಾಷೆಯಲ್ಲಿ ಬೆಳೆದವರು ಮತ್ತೊಂದರಲ್ಲಿ ಬರೆಯುವುದು ಇಲ್ಲಿ ಹೊಸದಲ್ಲ. ಗುರುವಿನ ಸನ್ನಿಧಿಯೂ ಗ್ರಂಥಗಳೂ ಓದುವ ಬಳಗವೂ ಒಂದೇ ಸೂರಿನಡಿ ಇದ್ದುದರಿಂದ ಅದು ಸಾಧ್ಯವಾಯಿತು.

ಅಂಥ ಸೂರು ಆಧುನಿಕ ಕಾಲದಲ್ಲಿ ಮತ್ತೊಮ್ಮೆ ಸಿದ್ಧವಾಯಿತು. ಕೊಲ್ಹಾಪುರದ ರಾಜಾರಾಮ ಕಾಲೇಜು 1880ರಲ್ಲಿ ಆರಂಭವಾಯಿತು. ಶಾಹು ಮಹಾರಾಜರ ಕಾಲದಲ್ಲಿ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳು ತೆರೆದುಕೊಂಡವು; ಜೈನ ಹಾಗೂ ಲಿಂಗಾಯತ ನಿಲಯಗಳೂ ಅವುಗಳಲ್ಲಿದ್ದವು. 1917ರಲ್ಲಿ ಸಂಸ್ಥಾನವು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿಸಿತು.

ಆ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರರು ಪ್ರಾಧ್ಯಾಪಕರಾಗಿದ್ದರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಅವರು 1939ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ 1930ರಿಂದ ಮೂರು ದಶಕಗಳ ಕಾಲ ಅರ್ಧಮಾಗಧಿಯನ್ನು ಕಲಿಸಿದವರು ಆ.ನೇ. ಉಪಾಧ್ಯೆ. ಅವರು ಇಚಲಕರಂಜಿಯಿಂದ ಹೆಚ್ಚು ದೂರವಿಲ್ಲದ ಸದಲಗಾದವರು. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿ ನಗರದಲ್ಲಿ ನೆಲಸಿ, ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿ, ಇಂಗ್ಲಿಷಿನಲ್ಲಿ ದೀರ್ಘ ಪೀಠಿಕೆಗಳನ್ನು ಬರೆದರು. 1935ರ ಪ್ರವಚನಸಾರದ ಆವೃತ್ತಿ ಅದಕ್ಕೆ ಸಾಕ್ಷಿ. ಹೀರಾಲಾಲ ಜೈನರೊಡನೆ ಗ್ರಂಥಮಾಲೆಗಳ ಪ್ರಧಾನ ಸಂಪಾದಕರಾಗಿ ಇತರ ವಿದ್ವಾಂಸರ ಬರಹಗಳನ್ನು ಮುದ್ರಣಕ್ಕೆ ಅಣಿಗೊಳಿಸಿದರು. ವಿ.ಕೃ. ಗೋಕಾಕರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲೂ ರಾಜಾರಾಮ ಕಾಲೇಜಿನಲ್ಲೂ ಪ್ರಾಂಶುಪಾಲರಾಗಿದ್ದರು. ವಿಲಿಂಗ್ಡನ್‌ನಲ್ಲಿ ದೀರ್ಘಕಾಲ ಕನ್ನಡ ಕಲಿಸಿದ ರಂ.ಶ್ರೀ. ಮುಗಳಿಯವರ ಕನ್ನಡ ಸಾಹಿತ್ಯ ಚರಿತ್ರೆಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. 1958ರಲ್ಲಿ ಗೋಕಾಕ, 1961ರಲ್ಲಿ ಕುಂದಣಗಾರ, 1963ರಲ್ಲಿ ಮುಗಳಿ, 1967ರಲ್ಲಿ ಉಪಾಧ್ಯೆ. ಹತ್ತು ವರ್ಷಗಳೊಳಗೆ ನಾಲ್ವರು. ನಾಲ್ವರೂ ಕೊಲ್ಹಾಪುರ–ಸಾಂಗಲಿಯ ಕಾಲೇಜುಗಳಲ್ಲಿ ಪಾಠ ಹೇಳಿದವರು ಅಥವಾ ಅವುಗಳನ್ನು ನಡೆಸಿದವರು. ಇಂಥವರು ಕಾಲೇಜಿನ ಆವರಣದಲ್ಲೇ ಇದ್ದಾಗ ಕನ್ನಡ ವಿದ್ಯಾರ್ಥಿಗೆ ತನ್ನ ಬರಹವನ್ನು ಯಾರಿಗೆ ತೋರಿಸಲಿ ಎಂಬ ಚಿಂತೆ ಕಾಡಬೇಕಾಗಿರಲಿಲ್ಲ.

ಮುಂದೆ ಗಡಿಗಳು ಬದಲಾದವು. ಹಿಂದೆ ಧಾರವಾಡದ ಕಾಲೇಜೂ ಕೊಲ್ಹಾಪುರದ ಕಾಲೇಜೂ ಒಂದೇ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1962ರಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪನೆಯಾದವು. ನಡುವೆ 1956ರ ರಾಜ್ಯ ಪುನರ್ವಿಂಗಡಣೆ ನಡೆಯಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದಿತು. ಆದರೆ ಆ ವಿಧಿಯ ಮಾತು ಪ್ರಾಥಮಿಕ ಹಂತದ ಶಿಕ್ಷಣಕ್ಕೆ ಮಾತ್ರ. ಅಕ್ಷರ ಕಲಿಸುವವರೆಗೆ ಸಂವಿಧಾನ ಕೈಹಿಡಿಯುತ್ತದೆ. ಪ್ರಬಂಧ ಬರೆಯುವ ಹೊತ್ತಿಗೆ ವಿದ್ಯಾರ್ಥಿ ಒಬ್ಬಂಟಿ.

ಈ ಒಬ್ಬಂಟಿತನ ಗಡಿನಾಡಿನದು ಮಾತ್ರವಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1934ರ ವೇಳೆಗೇ ಬರವಣಿಗೆಯ ಪ್ರಯೋಗಾಲಯವಿತ್ತು. 1970ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಮನೆಯಲ್ಲಿ ಬೇರೆ ಭಾಷೆ ಅಥವಾ ಬೇರೆ ಬಗೆಯ ಇಂಗ್ಲಿಷ್ ಆಡುವವರು ತರಗತಿಗಳಲ್ಲಿ ತುಂಬಿದರು. ಅಲ್ಲಿಯ ಅಧ್ಯಾಪಕಿ ಮಿನಾ ಶಾನೆಸಿ ಅಂಥವರ ಸುಮಾರು 4,000 ಪ್ರವೇಶ ಲೇಖನಗಳನ್ನು ಓದಿ 1977ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರ ತೀರ್ಮಾನದ ಸಾರ ಸರಳ: ತಪ್ಪುಗಳು ದಡ್ಡತನದ ಗುರುತಲ್ಲ, ಪ್ರತಿ ತಪ್ಪಿಗೂ ಒಂದು ತರ್ಕವಿದೆ, ಅದನ್ನು ತಿಳಿದವರು ಮಾತ್ರ ತಿದ್ದಬಲ್ಲರು.

ಈ ಮಾತನ್ನು ನಮ್ಮ ಸೀಮೆಗೆ ತಂದು ನೋಡಿ. ಕನ್ನಡದಲ್ಲಿ ಶಾಲಾಬಾಲಕ ಬರೆಯುವುದೂ ಪ್ರಬಂಧವೇ. ಮರಾಠಿಯಲ್ಲಿ ಅದು ನಿಬಂಧ. ಪ್ರಬಂಧವೆಂದರೆ ಪದವಿಗಾಗಿ ಸಲ್ಲಿಸುವ ದೊಡ್ಡ ಗ್ರಂಥ. ಸಂಶೋಧನವೆಂದರೆ ಕನ್ನಡಕ್ಕೂ ಮರಾಠಿಗೂ ಒಂದೇ ಅರ್ಥ, ಹಿಂದಿಯಲ್ಲಾದರೋ ಅದು ತಿದ್ದುಪಡಿ. ಕನ್ನಡದಲ್ಲಿ ನದಿಯೂ ಗ್ರಂಥವೂ ಪುಸ್ತಕವೂ ನಪುಂಸಕಲಿಂಗ. ಮರಾಠಿಯಲ್ಲಿ ನದಿ ಸ್ತ್ರೀಲಿಂಗ, ಗ್ರಂಥ ಪುಲ್ಲಿಂಗ, ಪುಸ್ತಕ ನಪುಂಸಕ. ಕನ್ನಡ ವಾಕ್ಯದಲ್ಲಿ ‘ಎಂದು’ ಬರುವುದು ಹೇಳಿಕೆ ಮುಗಿದ ಮೇಲೆ, ಕ್ರಿಯಾಪದ ಕೊನೆಗೆ. ಅದೇ ಎರಕದಲ್ಲಿ ಇಂಗ್ಲಿಷ್ ಬರೆದವರ ಮುಖ್ಯ ವಾದ ವಾಕ್ಯದ ಬಾಲದಲ್ಲಿ ಅಡಗಿರುತ್ತದೆ. ಇವನ್ನೆಲ್ಲ ಕೆಂಪು ಶಾಯಿಯಿಂದ ಸುತ್ತಿದರೆ ಏನೂ ತಿಳಿಯದು. ಎರಡೂ ಭಾಷೆ ಬಲ್ಲವರು ಐದು ನಿಮಿಷದಲ್ಲಿ ಕಾರಣ ತೋರಿಸಬಲ್ಲರು.

ಬರವಣಿಗೆ ಕೇಂದ್ರವೆಂದರೆ ಇಷ್ಟೇ: ಒಂದು ಕೋಣೆ, ಒಂದು ಮೇಜು, ಗೊತ್ತುಪಡಿಸಿದ ಸಮಯ, ತರಬೇತಿ ಪಡೆದ ಓದುಗ. ಅಲ್ಲಿ ಲೇಖನಿ ಬರೆದವರ ಕೈಯಲ್ಲೇ ಉಳಿಯುತ್ತದೆ. ಓದುಗ ಬರೆದುಕೊಡುವುದಿಲ್ಲ, ಅಂಕ ಹಾಕುವುದಿಲ್ಲ, ಕೇಳುತ್ತಾನೆ. ನಿಮ್ಮ ವಾದ ಯಾವುದು? ಅದಕ್ಕೆ ಆಧಾರವೇನು? ಈ ಭಾಗವನ್ನು ಗಟ್ಟಿಯಾಗಿ ಓದುತ್ತೀರಾ? ಮೊದಲು ವಾದ, ಆಮೇಲೆ ಜೋಡಣೆ, ಕಟ್ಟಕಡೆಗೆ ಕಾಗುಣಿತ. ಗಡಿನಾಡಿಗೆ ಬೇಕಾದ ಒಂದೇ ಸೇರ್ಪಡೆಯೆಂದರೆ, ಈ ಸಂಭಾಷಣೆ ಕನ್ನಡದಲ್ಲಿ ನಡೆಯಲು ಅವಕಾಶ. ಬರಹ ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ. ವಿಚಾರ ಹುಟ್ಟುವ ಭಾಷೆಯಲ್ಲಿ ಅದನ್ನು ಚರ್ಚಿಸಲು ಬಿಟ್ಟರೆ ಸಾಕು.

ಇದಕ್ಕೆ ಗಡಿ ಬದಲಾಗಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ನೀವು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಕಾಲೇಜುಗಳಲ್ಲಿ ಕಲಿಸುವವರಾಗಿದ್ದರೆ ವಾರಕ್ಕೊಂದು ಸಂಜೆಯನ್ನು ಇದಕ್ಕೆ ಮೀಸಲಿಡಿ. ಬೆಳಗಾವಿ, ಧಾರವಾಡದಲ್ಲಿ ನಿವೃತ್ತರಾಗಿದ್ದರೆ ದೂರವಾಣಿಯಲ್ಲಾದರೂ ಒಂದು ಕರಡನ್ನು ಓದಿರಿ. ಪೋಷಕರಾಗಿದ್ದರೆ ಪ್ರಾಥಮಿಕ ಶಾಲೆಗಾಗಿ ಎತ್ತುವ ದನಿಯಲ್ಲೇ ಈ ಬೇಡಿಕೆಯನ್ನೂ ಸೇರಿಸಿ. ಶಾಲೆ ಉಳಿದು ಬರವಣಿಗೆ ಅಳಿದರೆ, ಮುಂದಿನ ತಲೆಮಾರಿನಲ್ಲಿ ಆ ಶಾಲೆಯ ಚರಿತ್ರೆಯನ್ನು ಬರೆಯಲು ಅದರದೇ ಮಕ್ಕಳು ಇರುವುದಿಲ್ಲ.