ಜನರ ಅರಮನೆ ಮತ್ತು ಜನ ಓದದ ಕರಾರು ಪತ್ರ

ಊರಿನ ಹಳೆಯ ಪುರಭವನ, ಮಾರುಕಟ್ಟೆ, ಗ್ರಂಥಾಲಯ, ಉದ್ಯಾನಗಳು ಯಾರ ಆಸ್ತಿ ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಅವು ಸಾರ್ವಜನಿಕರವು. ಆದರೆ ಅವುಗಳನ್ನು ಮಾರುವ, ಅಡವಿಡುವ ಅಥವಾ ನೂರಾರು ವರ್ಷಕ್ಕೆ ಗುತ್ತಿಗೆ ಕೊಡುವ ಹೊತ್ತಿನಲ್ಲಿ ಕರಾರು ಪತ್ರವನ್ನು ಓದುವ ಹಕ್ಕು ಅದೇ ಸಾರ್ವಜನಿಕರಿಗೆ ಇದೆಯೇ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಆಡಳಿತದವರು ವ್ಯವಹಾರದ ಗೌಪ್ಯತೆಯ ಮಾತೆತ್ತುತ್ತಾರೆ. ಜನ ಸುಮ್ಮನಾಗುತ್ತಾರೆ. ಲಂಡನ್ನಿನ ಒಂದು ಬಡಾವಣೆಯ ಜನ ಮಾತ್ರ ಸುಮ್ಮನಾಗಲಿಲ್ಲ. ಅವರ ಕತೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಗುಡ್ಡದ ಮೇಲಿನ ಅರಮನೆ

ಉತ್ತರ ಲಂಡನ್ನಿನ ಎತ್ತರದ ಗುಡ್ಡದ ಮೇಲೆ ಅಲೆಕ್ಸಾಂಡ್ರಾ ಪ್ಯಾಲೆಸ್ ಎಂಬ ಭಾರೀ ಕಟ್ಟಡವಿದೆ. ಹೆಸರಿಗೆ ಅರಮನೆಯಾದರೂ ಅಲ್ಲಿ ಯಾವ ರಾಜನೂ ವಾಸಿಸಿದ್ದಿಲ್ಲ. ಸಾಮಾನ್ಯ ಜನ ಸಂಗೀತ ಕೇಳಲು, ನಾಟಕ ನೋಡಲು, ಪ್ರದರ್ಶನಗಳಿಗೆ ಬರಲು ಕಟ್ಟಿದ ತಾಣವದು. ಆದ್ದರಿಂದಲೇ ಅದಕ್ಕೆ ‘ಜನರ ಅರಮನೆ’ ಎಂಬ ಹೆಸರು ಬಂತು. 1873ರ ಮೇ 24ರಂದು ಅದರ ಬಾಗಿಲು ತೆರೆಯಿತು. ಕೇವಲ 16 ದಿನಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೂ ಎದೆಗುಂದದೆ ಮತ್ತೆ ಕಟ್ಟಿದರು. 1875ರ ಮೇ 1ರಂದು ಎರಡನೆಯ ಬಾರಿ ಬಾಗಿಲು ತೆರೆಯಿತು.

ಆ ಶತಮಾನದ ಕೊನೆಯ ಹೊತ್ತಿಗೆ ಅದರ ಮಾಲಿಕರಿಗೆ ಕಟ್ಟಡ ಹೊರೆಯಾಯಿತು. ಸುತ್ತಲಿನ ಜಾಗವೆಲ್ಲ ಮನೆ ಕಟ್ಟುವವರ ಪಾಲಾಗುವ ಭಯ ಹುಟ್ಟಿತು. ಆಗ ಸುತ್ತಮುತ್ತಲಿನ ಸ್ಥಳೀಯ ಸಂಸ್ಥೆಗಳು ಒಟ್ಟಾಗಿ ಅದನ್ನು ಕೊಂಡುಕೊಂಡವು. 1900ರಲ್ಲಿ ಬ್ರಿಟಿಷ್ ಸಂಸತ್ತು ಇದಕ್ಕೆಂದೇ ಒಂದು ಕಾನೂನು ಮಾಡಿತು. ಅರಮನೆ ಮತ್ತು ಉದ್ಯಾನ ಎಂದೆಂದಿಗೂ ಜನರ ಮುಕ್ತ ಬಳಕೆಗೆ ಮತ್ತು ವಿಹಾರಕ್ಕೆ ಮೀಸಲು, ಆಡಳಿತ ನಡೆಸುವವರು ಕೇವಲ ಟ್ರಸ್ಟಿಗಳು ಎಂಬುದು ಅದರ ತಿರುಳು. ವಕ್ಫ್ ಎಂಬ ಪದದ ಅರ್ಥ ಬಲ್ಲವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಸ್ತಿಯನ್ನು ಕಾಯುವವನು ಅದರ ಒಡೆಯನಲ್ಲ.

ಈ ಕಟ್ಟಡ ಇಪ್ಪತ್ತನೆಯ ಶತಮಾನದ ಹಲವು ಮುಖಗಳನ್ನು ಕಂಡಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತರಿಗೆ ಆಸರೆಯಾಯಿತು. ಆಮೇಲೆ ಅದೇ ಗೋಡೆಗಳ ನಡುವೆ ಜರ್ಮನ್ ಮೂಲದ ನಾಗರಿಕರನ್ನು ಕೂಡಿಹಾಕಲಾಯಿತು. 1936ರ ನವೆಂಬರ್ 2ರಂದು ಬಿಬಿಸಿ ತನ್ನ ದೂರದರ್ಶನ ಪ್ರಸಾರವನ್ನು ಆರಂಭಿಸಿದ್ದು ಇಲ್ಲಿನ ಸ್ಟುಡಿಯೋಗಳಿಂದಲೇ. ಜಗತ್ತಿನ ದೂರದರ್ಶನದ ಚರಿತ್ರೆ ಬರೆಯುವವರು ಈ ಗುಡ್ಡವನ್ನು ಹತ್ತದೆ ಮುಂದೆ ಹೋಗುವಂತಿಲ್ಲ.

ಹೊರೆಯಾದ ಆಸ್ತಿ

1980ರಲ್ಲಿ ಅರಮನೆಯ ಟ್ರಸ್ಟಿಯ ಹೊಣೆ ಹ್ಯಾರಿಂಗೇ ಎಂಬ ಸ್ಥಳೀಯ ನಗರಾಡಳಿತಕ್ಕೆ ಬಂತು. ಅದೇ ವರ್ಷದ ಜುಲೈಯಲ್ಲಿ ಮತ್ತೆ ಬೆಂಕಿ ಬಿತ್ತು. ಕಟ್ಟಡದ ದೊಡ್ಡ ಭಾಗ ಸುಟ್ಟುಹೋಯಿತು. ದುರಸ್ತಿ ಮುಗಿದು 1988ರಲ್ಲಿ ಬಾಗಿಲು ತೆರೆಯುವಷ್ಟರಲ್ಲಿ ಖರ್ಚು ಅಂದಾಜನ್ನು ಮೀರಿ ಏರಿತ್ತು. ಸಾಲ ಬೆಳೆಯಿತು. ಚಾರಿತ್ರಿಕ ಸ್ಟುಡಿಯೋಗಳೂ ಹಳೆಯ ನಾಟಕಶಾಲೆಯೂ ಪಾಳುಬಿದ್ದವು.

ಇಲ್ಲಿ ಆಡಳಿತದ ಕಷ್ಟವನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಹಳೆಯ ಕಟ್ಟಡವನ್ನು ಕಾಯುವುದು ಭಾಷಣ ಮಾಡಿದಷ್ಟು ಸುಲಭವಲ್ಲ. ಮಳೆಗೆ ಮಾಡು ಸೋರುತ್ತದೆ, ಗೋಡೆಗಳು ಬಿರುಕು ಬಿಡುತ್ತವೆ. ಅತ್ತ ಶಾಲೆ, ರಸ್ತೆ, ವೃದ್ಧರ ಆರೈಕೆಗೂ ಅದೇ ತೆರಿಗೆ ಹಣದಿಂದಲೇ ಕೊಡಬೇಕು. ಖಾಸಗಿಯವರು ಬಂದು ಬಂಡವಾಳ ಹಾಕುತ್ತೇವೆ ಎಂದಾಗ ಅವರ ಮಾತನ್ನು ಕೇಳಿಸಿಕೊಳ್ಳುವುದೇ ಅಪರಾಧವಲ್ಲ.

2004ರಲ್ಲಿ ಅರಮನೆಯನ್ನು 125 ವರ್ಷಗಳವರೆಗೆ ಗುತ್ತಿಗೆ ಕೊಡಲು ಅವಕಾಶ ನೀಡುವ ಆದೇಶ ಸಂಸತ್ತಿನ ಒಪ್ಪಿಗೆ ಪಡೆಯಿತು. ನೂರಿಪ್ಪತ್ತೈದು ವರ್ಷವೆಂದರೆ ಐದು ತಲೆಮಾರು. ಹೆಸರಿಗೆ ಗುತ್ತಿಗೆ, ಬದುಕಿರುವವರ ಪಾಲಿಗೆ ಮಾರಾಟವೇ. ಧರ್ಮಾರ್ಥ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ ಒಪ್ಪಿಗೆ ಕೊಡುವ ಮೊದಲು ಜನರ ಅಭಿಪ್ರಾಯ ಕೇಳಲಾಗುತ್ತದೆ ಎಂದು ಸರಕಾರದ ಪರವಾಗಿ ಸಂಸತ್ತಿನಲ್ಲಿ ಭರವಸೆಯನ್ನೂ ಕೊಡಲಾಯಿತು. 2006ರಲ್ಲಿ ಫಿರೋಕಾ ಎಂಬ ಖಾಸಗಿ ಕಂಪೆನಿಯನ್ನು ಆಯ್ಕೆ ಮಾಡಲಾಯಿತು.

ಕೇಳಿದ್ದು ಅಭಿಪ್ರಾಯ, ತೋರಿಸದ್ದು ಕಾಗದ

ಭರವಸೆಯಂತೆ ಜನರ ಅಭಿಪ್ರಾಯವನ್ನೇನೋ ಕೇಳಲಾಯಿತು. ಆದರೆ ಗುತ್ತಿಗೆ ಪತ್ರವನ್ನೇ ಜನರ ಮುಂದಿಡಲಿಲ್ಲ. ಸ್ಟುಡಿಯೋಗಳ ಗತಿಯೇನು? ನಾಟಕಶಾಲೆಯನ್ನು ದುರಸ್ತಿ ಮಾಡುವ ಹೊಣೆ ಯಾರದು? ಕಂಪೆನಿ ಮಾತಿಗೆ ತಪ್ಪಿದರೆ ಅರಮನೆ ಮರಳಿ ಬರುವುದೇ? ಇವೆಲ್ಲಕ್ಕೂ ಉತ್ತರವಿದ್ದುದು ಆ ಕಾಗದದಲ್ಲಿ. ಅದನ್ನು ಓದದವನು ಒಪ್ಪಿಗೆ ಎಂದರೂ ಒಂದೇ, ವಿರೋಧ ಎಂದರೂ ಒಂದೇ. ಮುಚ್ಚಿದ ಲಕೋಟೆ ತೋರಿಸಿ ಒಳಗಿನ ಪತ್ರ ಹೇಗಿದೆ ಎಂದು ಕೇಳಿದ ಹಾಗೆ.

ಸ್ಥಳೀಯ ನಾಗರಿಕರೊಬ್ಬರು ಹೈಕೋರ್ಟಿನ ಮೆಟ್ಟಿಲೇರಿದರು. 2007ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಗುತ್ತಿಗೆಯ ವಿವರಗಳನ್ನು ಕೊಡದೆ ನಡೆಸಿದ ಸಮಾಲೋಚನೆ ನ್ಯಾಯಯುತವಲ್ಲ ಎಂದು ಹೇಳಿ ನ್ಯಾಯಾಲಯ ಚಾರಿಟಿ ಕಮಿಷನ್ನಿನ ಆದೇಶವನ್ನು ರದ್ದುಪಡಿಸಿತು. ಈ ತೀರ್ಪಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಖಾಸಗಿಯವರಿಗೆ ಕೊಡಲೇಬಾರದು ಎಂದು ನ್ಯಾಯಾಲಯ ಹೇಳಲಿಲ್ಲ. ಆ ಕಂಪೆನಿ ಕೆಟ್ಟದ್ದು ಎಂದೂ ಹೇಳಲಿಲ್ಲ. ಜನರನ್ನು ಕೇಳುವುದಾದರೆ ತಿಳಿಸಿ ಕೇಳಿ ಎಂದಿತು, ಅಷ್ಟೇ. ಆ ಒಂದು ಷರತ್ತಿನ ಮುಂದೆ ಇಡೀ ಒಪ್ಪಂದ ನಿಲ್ಲಲಿಲ್ಲ. ಗುತ್ತಿಗೆ ಊರ್ಜಿತವಾಗುವ ಮೊದಲೇ ಕಂಪೆನಿಗೆ ವ್ಯವಹಾರ ನಡೆಸುವ ಪರವಾನಗಿ ಕೊಟ್ಟಿದ್ದರಿಂದ ಟ್ರಸ್ಟಿಗೆ ಆದ ನಷ್ಟದ ಬಗ್ಗೆ ಬಳಿಕ ತನಿಖೆಯೂ ನಡೆಯಿತು.

ಅರಮನೆ ಹಾಳಾಗಿ ಹೋಯಿತೇ? ಇಲ್ಲ. ಟ್ರಸ್ಟಿನ ಕೈಯಲ್ಲೇ ಉಳಿಯಿತು. ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿ ಮತ್ತು ನಗರಾಡಳಿತದ ನೆರವಿನಿಂದ, ಸುಮಾರು 80 ವರ್ಷ ಪ್ರೇಕ್ಷಕರಿಗೆ ಮುಚ್ಚಿದ್ದ ನಾಟಕಶಾಲೆ 2018ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು.

ಗೌಪ್ಯತೆ ಯಾರನ್ನು ಕಾಯುತ್ತದೆ?

ಬ್ರಿಟನ್ನಿನಲ್ಲಿ ಕಾನೂನುಗಳಿಗೆ ಬರವಿರಲಿಲ್ಲ. ಸ್ಥಳೀಯ ಸಂಸ್ಥೆಗಳು ಭೂಮಿ ಮಾರುವಾಗ ಸಿಗಬಹುದಾದ ಅತ್ಯುತ್ತಮ ಬೆಲೆ ಪಡೆಯಬೇಕೆಂದು 1972ರ ಕಾನೂನೇ ಹೇಳುತ್ತದೆ. ಆದರೂ 1987ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ತನ್ನ ಮೂರು ಸ್ಮಶಾನಗಳನ್ನು ತಲಾ 5 ಪೆನ್ಸಿನಂತೆ ಒಟ್ಟು 15 ಪೆನ್ಸಿಗೆ ಮಾರಿತು. ಅಲ್ಲಿ ತಮ್ಮವರನ್ನು ಮಣ್ಣು ಮಾಡಿದ್ದ ಕುಟುಂಬಗಳು ಸಿಡಿದೆದ್ದವು. ಕೊನೆಗೆ ಅವುಗಳನ್ನು ಮರಳಿ ಪಡೆಯಬೇಕಾಯಿತು. 1985ರ ಇನ್ನೊಂದು ಕಾನೂನು ಸ್ಥಳೀಯ ಸಮಿತಿಗಳ ಸಭೆಗಳಿಗೆ ಜನರಿಗೂ ಪತ್ರಕರ್ತರಿಗೂ ಪ್ರವೇಶ ಕೊಟ್ಟಿತು. ಆದರೆ ಹಣಕಾಸಿನ ವ್ಯವಹಾರದ ಚರ್ಚೆ ಬಂದಾಗ ಅವರನ್ನು ಹೊರಗೆ ಕಳುಹಿಸುವ ಅವಕಾಶವನ್ನೂ ಉಳಿಸಿಕೊಂಡಿತು. ಆಸ್ತಿ ಕೈಬಿಡುವ ಮಾತು ನಡೆಯುವುದು ಬಹುತೇಕ ಆ ಮುಚ್ಚಿದ ಬಾಗಿಲಿನ ಹಿಂದೆಯೇ. 2011ರ ಕಾನೂನೊಂದು ಇಂಗ್ಲೆಂಡಿನಲ್ಲಿ ಸ್ವಲ್ಪ ಪರಿಹಾರ ತಂದಿತು. ಸಮುದಾಯಕ್ಕೆ ಬೆಲೆಯುಳ್ಳದ್ದೆಂದು ಪಟ್ಟಿಯಾದ ಕಟ್ಟಡ ಮಾರಾಟಕ್ಕೆ ಬಂದರೆ, ಅದನ್ನು ಕೊಳ್ಳಲು ಸ್ಥಳೀಯರ ಸಂಘ ಮುಂದೆ ಬಂದಾಗ ಆರು ತಿಂಗಳು ಮಾರಾಟ ತಡೆಹಿಡಿಯಬೇಕು.

ಬೇರೆ ಕಂಪೆನಿಗಳು ಎಷ್ಟು ಬೆಲೆ ಕೂಗಿವೆ ಎಂಬುದನ್ನು ಟೆಂಡರ್ ತೆರೆಯುವವರೆಗೆ ಗುಟ್ಟಾಗಿ ಇಡುವುದು ಸರಿಯೇ. ಅದರಿಂದ ಜನರಿಗೇ ಲಾಭ. ಆದರೆ ಬೆಲೆ ನಿಗದಿಯಾದ ಮೇಲೂ, ಕೊಳ್ಳುವವನು ಯಾರೆಂದು ತೀರ್ಮಾನವಾದ ಮೇಲೂ ಷರತ್ತುಗಳನ್ನು ಬಚ್ಚಿಟ್ಟರೆ ಆ ಗೌಪ್ಯತೆ ಕಾಯುವುದು ಜನರನ್ನಲ್ಲ, ಸಹಿ ಹಾಕುವವರನ್ನು.

ಲಕ್ನೋದ ಪಾಠ, ಬೆಂಗಳೂರಿನ ಅಡವು

ಇದು ಬರೀ ವಿಲಾಯತಿಯ ಕತೆ ಎಂದು ತಳ್ಳಿಹಾಕುವಂತಿಲ್ಲ. ಲಕ್ನೋದ ಅಮೀನಾಬಾದಿನಲ್ಲಿ ಅಮೀನುದ್ದೌಲಾ ಪಾರ್ಕ್ ಇದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅಲ್ಲಿ ಧ್ವಜ ಹಾರಿದ್ದರಿಂದ ಜನ ಅದನ್ನು ಝಂಡೇವಾಲಾ ಪಾರ್ಕ್ ಎಂದೇ ಕರೆಯುತ್ತಾರೆ. 1993ರಲ್ಲಿ ಅಲ್ಲಿನ ನಗರ ಮಹಾಪಾಲಿಕೆ ಟೆಂಡರನ್ನೇ ಕರೆಯದೆ ಅದರ ನೆಲದಡಿಯಲ್ಲಿ ಅಂಗಡಿ ಸಂಕೀರ್ಣ ಕಟ್ಟಲು ಒಬ್ಬ ಬಿಲ್ಡರಿಗೆ ಒಪ್ಪಂದ ಬರೆದುಕೊಟ್ಟಿತು. 1994ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. 1999ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮಹಾಪಾಲಿಕೆ ಈ ಉದ್ಯಾನದ ಟ್ರಸ್ಟಿ ಮಾತ್ರ ಎಂದು ಎತ್ತಿ ಹೇಳಿ, ಕಟ್ಟಿದ್ದನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಅಪಾರ ಹಣ ಸುರಿದಾಗಿದೆ ಎಂಬ ವಾದ ನಡೆಯಲಿಲ್ಲ. ಒಪ್ಪಂದವನ್ನು ಮೊದಲೇ ಜನರ ಮುಂದಿಟ್ಟಿದ್ದರೆ ನೆಲ ಅಗೆಯುವ, ಮತ್ತೆ ಕೆಡವುವ ಪ್ರಸಂಗವೇ ಬರುತ್ತಿರಲಿಲ್ಲ.

ಇನ್ನು ಬೆಂಗಳೂರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2010ರ ದಶಕದ ಆರಂಭದಲ್ಲಿ ಸಾಲ ಎತ್ತಲು ತನ್ನ ಆಸ್ತಿಗಳನ್ನು ಅಡವಿಟ್ಟಿತ್ತು. ಕೃಷ್ಣರಾಜೇಂದ್ರ ಮಾರುಕಟ್ಟೆ, ಮಲ್ಲೇಶ್ವರ ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆ, 1883ರಲ್ಲಿ ತೆರೆದ ಮೇಯೋ ಹಾಲ್ ಅವುಗಳಲ್ಲಿ ಸೇರಿದ್ದವು. ಜಾನ್ಸನ್ ಮಾರುಕಟ್ಟೆಯ ಜಾಗದಲ್ಲಿ ಹಿಂದೆ ಇದ್ದುದು ಶಿರಾಜಿನಿಂದ ಬಂದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್ ಅವರ ಲಾಯ. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಅಡವಿಟ್ಟ ಆಸ್ತಿಗಳನ್ನು ಮುಂದೆ ಬಿಡಿಸಿಕೊಳ್ಳಲಾಯಿತು ಎಂಬುದು ಸಮಾಧಾನದ ಸಂಗತಿ. ಆದರೆ ಆ ಮಾರುಕಟ್ಟೆಗಳಲ್ಲಿ ತಲೆಮಾರುಗಳಿಂದ ಹೂವು, ತರಕಾರಿ, ಮಾಂಸ ಮಾರುವವರಲ್ಲಿ ಎಷ್ಟು ಮಂದಿಗೆ ತಾವು ಕುಳಿತ ಕಟ್ಟೆ ಸಾಲದ ಆಧಾರವಾಗಿದೆ ಎಂದು ಮೊದಲೇ ತಿಳಿದಿದ್ದೀತು?

ನಮ್ಮ ಕೈಯಲ್ಲಿ ಅಸ್ತ್ರವಿಲ್ಲವೆಂದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನರನ್ನು ಬಾಧಿಸುವ ತೀರ್ಮಾನಗಳ ಸಂಗತಿಗಳನ್ನು ಯಾರೂ ಅರ್ಜಿ ಹಾಕದಿದ್ದರೂ ಪ್ರಕಟಿಸಬೇಕೆನ್ನುತ್ತದೆ. 8ನೇ ಸೆಕ್ಷನ್ ವ್ಯವಹಾರದ ಗುಟ್ಟಿಗೆ ರಕ್ಷಣೆ ಕೊಡುತ್ತದೆ ನಿಜ. ಆದರೆ ವಿಶಾಲವಾದ ಸಾರ್ವಜನಿಕ ಹಿತ ಬಯಸಿದರೆ ಆ ಗುಟ್ಟನ್ನೂ ತೆರೆಯಬೇಕೆಂದು ಅಲ್ಲೇ ಬರೆದಿದೆ. ಐದು ತಲೆಮಾರಿನ ಆಸ್ತಿಗಿಂತ ವಿಶಾಲವಾದ ಹಿತ ಇನ್ನಾವುದು?

ಪುರಸಭೆ ಇರಲಿ, ಮಹಾನಗರ ಪಾಲಿಕೆ ಇರಲಿ, ಹಳೆಯ ಕಟ್ಟಡವೊಂದನ್ನು ಕೈಬಿಡುವ ಮೊದಲು ನಾಲ್ಕು ಕಾಗದಗಳನ್ನು ತನ್ನ ಫಲಕದ ಮೇಲೆ ಹಚ್ಚಬೇಕು: ಆಸ್ತಿಯ ಮೌಲ್ಯಮಾಪನ, ಯಾರಿಗೆ ಎಷ್ಟಕ್ಕೆ ಎಂಬ ವಿವರ, ಕರಾರಿನ ಪೂರ್ಣ ಪಠ್ಯ, ಷರತ್ತು ಮುರಿದರೆ ಆಸ್ತಿ ಮರಳಿ ಬರುವ ದಾರಿ. ಜೊತೆಗೆ ಜನ ಓದಿ ಉತ್ತರ ಕೊಡುವಷ್ಟು ಕಾಲಾವಕಾಶ ಬೇಕು. ಆಸ್ತಿ ಹೋದ ಮೇಲೆ ನ್ಯಾಯಾಲಯಕ್ಕೆ ಅಲೆಯುವುದಕ್ಕಿಂತ ಇದರ ಖರ್ಚು ಬಲು ಕಡಿಮೆ. ಅದನ್ನು ಕೇಳಿ ಪಡೆಯುವ ಕೆಲಸ ಮಾತ್ರ ಊರಿನವರದೇ.