ಪೆಟ್ಟಿಗೆ ಕೆಟ್ಟಿದೆ ಎನ್ನುವ ಮುನ್ನ

ಅಂಬಾಸಿಡರ್ ಕಾರಿನ ಇಂಡಿಕೇಟರ್ ಉರಿಯದಿದ್ದರೆ ಎಲೆಕ್ಟ್ರಿಷಿಯನ್‌ಗೆ ಬೇಕಾಗಿದ್ದದ್ದು ಒಂದು ಟೆಸ್ಟ್ ಲ್ಯಾಂಪು, ಅಷ್ಟೆ. ಬ್ಯಾಟರಿಯಿಂದ ಫ್ಯೂಸು, ಅಲ್ಲಿಂದ ಫ್ಲ್ಯಾಶರ್, ಆಮೇಲೆ ಸ್ವಿಚ್ಚು, ಕೊನೆಗೆ ಬಲ್ಬು. ಕರೆಂಟು ನಡೆಯುವ ದಾರಿಯಲ್ಲೇ ಅವನೂ ನಡೆಯುತ್ತಿದ್ದ; ಲ್ಯಾಂಪು ಎಲ್ಲಿ ಉರಿಯದೇ ಹೋಯಿತೋ ಅದರ ಹಿಂದಿನ ತುಂಡಿನಲ್ಲಿ ದೋಷ. ಇವತ್ತಿನ ಕಾರಿನಲ್ಲಿ ಆ ದಾರಿ ಇಲ್ಲ. ಇಂಡಿಕೇಟರ್ ಸ್ವಿಚ್ಚು ಬಲ್ಬಿಗೆ ಕರೆಂಟು ಹಾಯಿಸುವುದಿಲ್ಲ, ಬರೀ ಅರ್ಜಿ ಸಲ್ಲಿಸುತ್ತದೆ. (ಅನೇಕ ಕಾರುಗಳಲ್ಲಿ ಆ ಟಿಕ್ ಟಿಕ್ ಸದ್ದೂ ಸ್ಪೀಕರಿನಿಂದ ಹೊರಡುವ ನಕಲಿ.) ಅರ್ಜಿ ತಲುಪುವುದು ಡ್ಯಾಶ್‌ಬೋರ್ಡಿನ ಕೆಳಗೆಲ್ಲೋ ಕೂತಿರುವ ಬಾಡಿ ಕಂಟ್ರೋಲ್ ಮಾಡ್ಯೂಲಿಗೆ, ಗ್ಯಾರೇಜಿನ ಮಾತಿನಲ್ಲಿ ಬಿಸಿಎಂಗೆ. ದೀಪ, ವೈಪರ್, ಹಾರ್ನ್, ಸೆಂಟ್ರಲ್ ಲಾಕ್, ಪವರ್ ವಿಂಡೋ ಎಲ್ಲಕ್ಕೂ ಮಂಜೂರಾತಿ ಅಲ್ಲಿಂದಲೇ. ಈ ಪೆಟ್ಟಿಗೆ ಬೆಳೆದು ಬಂದ ಬಗೆಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ವೈರು ಕಡಿಮೆಯಾದಷ್ಟೂ ದೋಷದ ಸಾಕ್ಷ್ಯ ಕಣ್ಣಿನಿಂದ ದೂರ ಸರಿದಿದೆ. ಕೊನೆಯಲ್ಲಿ ಬರಬೇಕಾದ 'ಬಿಸಿಎಂ ಹೋಗಿದೆ, ಬದಲಿಸಿ' ಎಂಬ ತೀರ್ಪು ಮೊದಲೇ ಬಂದುಬಿಡುವುದು ಇದರಿಂದಲೇ.

1980ರ ದಶಕದ ಹೊತ್ತಿಗೆ ದುಬಾರಿ ಕಾರುಗಳಲ್ಲಿ ವೈರಿನ ಕಂತೆ ತೋಳಿನ ಗಾತ್ರ ಮುಟ್ಟಿತ್ತು. ಜರ್ಮನಿಯ ಬಾಷ್ ಕಂಪನಿ, ಆಡುಗೋಡಿಯ ಮೈಕೊ ಮೂಲಕ ಬೆಂಗಳೂರಿಗೆ 1950ರ ದಶಕದಿಂದಲೇ ಪರಿಚಿತವಾದ ಅದೇ ಬಾಷ್, 1983ರಲ್ಲಿ 'ಕ್ಯಾನ್' ಎಂಬ ಸಂಪರ್ಕ ಪದ್ಧತಿಯ ಕೆಲಸ ಶುರುಮಾಡಿ 1986ರಲ್ಲಿ ಡೆಟ್ರಾಯಿಟಿನಲ್ಲಿ ಪ್ರಕಟಿಸಿತು. 1990ರ ದಶಕದ ಆರಂಭದಲ್ಲಿ ಅದು ಮರ್ಸಿಡಿಸ್ ಕಾರಿಗೆ ಏರಿತು. 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಪರಸ್ಪರ ಹೊಸೆದ ಎರಡೇ ವೈರು. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್, ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಇಡೀ ಕಾರಿನ ಸಂಭಾಷಣೆ ಈ ಜೋಡಿಯ ಮೇಲೆ. ಕನ್ನಡಿ, ಕಿಟಕಿಗಳಂಥ ಚಿಲ್ಲರೆ ಕೆಲಸಕ್ಕೆ ದಶಕದ ಕೊನೆಗೆ 'ಲಿನ್' ಎಂಬ ಒಂದೇ ವೈರಿನ ಅಗ್ಗದ ಪದ್ಧತಿ ಬಂತು. ತಾಮ್ರ ಉಳಿಯಿತು, ತೂಕ ಇಳಿಯಿತು. ಟೆಸ್ಟ್ ಲ್ಯಾಂಪು ಮಾತ್ರ ಕುರುಡಾಯಿತು.

ಕುರುಡು ಹೋಗಲಾಡಿಸಲು ಸ್ಕ್ಯಾನರ್ ಬಂತಲ್ಲ ಎನ್ನಬಹುದು. ಬಂದದ್ದು ನಿಜ, ಆದರೆ ಬಂದದ್ದು ಹೊಗೆಯ ದೆಸೆಯಿಂದ. ಅಮೆರಿಕ 1996ರಿಂದ ಹೊಸ ಕಾರುಗಳಿಗೆ ಓಬಿಡಿ-2 ಎಂಬ, ಸ್ಕ್ಯಾನರ್ ಓದಬಲ್ಲ ಸ್ವಯಂ ತಪಾಸಣಾ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು, ಭಾರತದಲ್ಲಿ ಅದು 2013ರ ಏಪ್ರಿಲ್‌ನಿಂದ ಜಾರಿಗೆ ಬಂತು. ಎರಡೂ ಕಡೆ ಕಾನೂನಿನ ಕಣ್ಣಿದ್ದದ್ದು ಎಂಜಿನ್ ಉಗುಳುವ ಹೊಗೆಯ ಮೇಲೆ. ಹಾಗಾಗಿ ಎಂಜಿನ್‌ಗೆ ಸಂಬಂಧಿಸಿದ 'ಪಿ' ಕೋಡುಗಳನ್ನು ಯಾವ ಅಗ್ಗದ ಬ್ಲೂಟೂತ್ ಡಾಂಗಲ್ಲಾದರೂ ಓದುತ್ತದೆ. ಬಾಡಿಯ 'ಬಿ' ಕೋಡುಗಳು ಬಹುಮಟ್ಟಿಗೆ ಆಯಾ ಕಂಪನಿಯ ಮನೆಮಾತಿನಲ್ಲೇ ಉಳಿದವು. ಓದಲು ಸಿಕ್ಕ ಕೋಡನ್ನು ತಪ್ಪಾಗಿ ಓದುವುದೂ ಉಂಟು. ಯು0140 ಎಂದರೆ ಬಿಸಿಎಂ ಜೊತೆ ಸಂಪರ್ಕ ತಪ್ಪಿದೆ ಎಂದಷ್ಟೇ ಅರ್ಥ. ಫೋನು ಸ್ವಿಚ್ ಆಫ್ ಬಂತೆಂದು ಯಾರೂ ತಿಥಿಗೆ ಹೊರಡುವುದಿಲ್ಲ. ಈ ಕೋಡು ಬಂದಾಗ ಮಾತ್ರ ಹೊಸ ಪೆಟ್ಟಿಗೆಗೆ ಆರ್ಡರ್ ಹೋಗುತ್ತದೆ.

ಹಾಗಾದರೆ ತೀರ್ಪಿಗೆ ಮೊದಲು ಏನೇನು ಆಗಬೇಕು? ಹಿಂದಿನ ಎಡ ಇಂಡಿಕೇಟರ್ ಉರಿಯುತ್ತಿಲ್ಲ ಎನ್ನಿ. ಮೊದಲು ಬ್ಯಾಟರಿ: ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. ಸೋತ ಬ್ಯಾಟರಿಯೊಂದೇ ಹತ್ತು ಸುಳ್ಳು ಕೋಡು ಹುಟ್ಟಿಸಬಲ್ಲದು. ಆಮೇಲೆ ಅರ್ಥ್: ದೀಪಗಳನ್ನು ಹಾಕಿಟ್ಟು ಮೀಟರಿನ ಒಂದು ಕಡ್ಡಿಯನ್ನು ಬಿಸಿಎಂನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಮುಟ್ಟಿಸಿದಾಗ 0.2 ವೋಲ್ಟ್ ಮೀರಿದರೆ ತಪ್ಪು ಪೆಟ್ಟಿಗೆಯದಲ್ಲ, ಬಾಡಿಗೆ ಕಚ್ಚಿದ ಬೋಲ್ಟಿನ ತುಕ್ಕಿನದು. ಸಂಪರ್ಕ ತಪ್ಪಿದ ದೂರಿದ್ದರೆ, ಬ್ಯಾಟರಿ ಕಳಚಿ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ರೆಸಿಸ್ಟೆನ್ಸ್ ಅಳೆಯಬಹುದು. ಕ್ಯಾನ್ ಜೋಡಿ ನೇರ ಈ ಪಿನ್ನುಗಳಿಗೆ ಬರುವ ಕಾರಾದರೆ 60 ಓಮ್ ಸಿಗಬೇಕು. 120 ಬಂದರೆ ಎಲ್ಲೋ ವೈರು ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಗುಲಿವೆ. ಮುಂದಿನದು ಸ್ಕ್ಯಾನರಿನ ಪಾಲು. ಸ್ವಿಚ್ಚು ಒತ್ತಿದಾಗ ಲೈವ್ ಡೇಟಾದಲ್ಲಿ 'ಆನ್' ಎಂದು ಬರದಿದ್ದರೆ ಅರ್ಜಿಯೇ ತಲುಪಿಲ್ಲ. ಸ್ಕ್ಯಾನರಿನಿಂದಲೇ ಆಜ್ಞೆ ಕೊಟ್ಟಾಗಲೂ ಪೆಟ್ಟಿಗೆಯ ಔಟ್‌ಪುಟ್ ಪಿನ್ನಿನಲ್ಲಿ ವೋಲ್ಟೇಜ್ ಏಳದಿದ್ದರೆ ಅನುಮಾನ ಒಳಕ್ಕೆ ಹೋಗಬಹುದು. ಅಲ್ಲೂ ಒಂದು ಮೋಸವಿದೆ. ಈಗಿನ ಬಿಸಿಎಂಗಳಲ್ಲಿ ದೀಪಗಳನ್ನು ನಡೆಸುವ ಚಿಪ್ಪು, ಹೊರಗೆ ಶಾರ್ಟ್ ಕಂಡರೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಡಿಕ್ಕಿಯ ಬಾಗಿಲಿನ ಸಂದಿಯಲ್ಲಿ ವೈರು ಸವೆದು ಬಾಡಿಗೆ ತಗುಲಿದ್ದರೆ, ಸತ್ತಂತೆ ಕಾಣುವ ಪೆಟ್ಟಿಗೆ ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತದೆ. ನಿಜವಾಗಿ ಸತ್ತದ್ದಾದರೆ ಕಪ್ಲರ್ ಬಿಚ್ಚಿ ನೋಡಬೇಕು: ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಇದ್ದರೆ ನೀರು ಇಳಿದಿದೆ. ಮುಂದಿನ ಗಾಜಿನ ಬುಡದಲ್ಲಿ ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡಿರುವುದು, ಸನ್‌ರೂಫಿನ ಕೊಳವೆ ಕಳಚಿರುವುದು ಇದರ ಮಾಮೂಲಿ ಮೂಲ. ಅದನ್ನು ಸರಿಪಡಿಸದೆ ಹಾಕಿದ ಹೊಸ ಪೆಟ್ಟಿಗೆ ಮುಂದಿನ ಮಳೆಗಾಲಕ್ಕೆ ಅದೇ ದಾರಿ ಹಿಡಿಯುತ್ತದೆ.

ಇಷ್ಟೆಲ್ಲ ಅಳೆಯುವ ಹೊತ್ತಿನಲ್ಲಿ ಇನ್ನೊಂದು ಪೆಟ್ಟಿಗೆ ಹಾಕಿ ನೋಡಿದರೆ ಮುಗಿಯಿತಲ್ಲ ಎಂಬ ಆಕ್ಷೇಪ ಹಳೆಯದು, ಒಂದು ಕಾಲಕ್ಕೆ ಸರಿಯಾಗಿಯೂ ಇತ್ತು. ಪೆಟ್ಟಿಗೆಯೊಳಗೆ ರಿಲೇಗಳಷ್ಟೇ ಇದ್ದ ದಿನಗಳ ಮಾತದು. 1990ರ ದಶಕದಲ್ಲಿ ಕಳ್ಳತನ ತಡೆಯಲು ಯುರೋಪು ಇಮ್ಮೊಬಿಲೈಸರ್ ಕಡ್ಡಾಯ ಮಾಡಿದ ಮೇಲೆ ಕೀಯ ಗುಟ್ಟುಗಳು ಎಷ್ಟೋ ಕಾರುಗಳಲ್ಲಿ ಬಿಸಿಎಂ ಒಳಗೇ ಮನೆ ಮಾಡಿದವು. ಚಾಸಿ ನಂಬರೂ ಅಲ್ಲೇ; ಹಿಂದೆ ವೈಪರ್ ಇದೆಯೇ, ಫಾಗ್ ಲ್ಯಾಂಪ್ ಇದೆಯೇ ಎಂಬ ಪಟ್ಟಿಯೂ ಅಲ್ಲೇ. ಹೊಸ ಪೆಟ್ಟಿಗೆ ಖಾಲಿ, ಗುಜರಿಯಿಂದ ತಂದದ್ದು ಇನ್ನೂ ಹಳೆಯ ಕಾರಿನ ಮನೆಯವನೇ. ಕೆಲವು ಕಾರುಗಳಲ್ಲಿ ಒಮ್ಮೆ ನಂಬರು ಬರೆದ ಮಾಡ್ಯೂಲು ಬೇರೆ ಕಾರಿಗೆ ಒಗ್ಗುವುದೇ ಇಲ್ಲ, ಅಂದರೆ 'ಹಾಕಿ ನೋಡುವ' ಪರೀಕ್ಷೆಯೇ ಖರೀದಿಯಾಗಿಬಿಡುತ್ತದೆ. ಆದ್ದರಿಂದ ಬದಲಾವಣೆಯ ಕೆಲಸ ಸ್ಕ್ರೂ ಬಿಚ್ಚುವ ಮೊದಲೇ ಆರಂಭ: ಹಳೆಯದು ಇನ್ನೂ ಮಾತಾಡುತ್ತಿದ್ದರೆ ಅದರ ಕಾನ್ಫಿಗರೇಷನ್ ಓದಿಟ್ಟುಕೊಳ್ಳಬೇಕು, ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಬೇಕು, ಪ್ರೋಗ್ರಾಮಿಂಗ್ ನಡೆಯುವಾಗ ವೋಲ್ಟೇಜ್ ಕುಸಿಯದಂತೆ ಸಪ್ಲೈ ಕೊಟ್ಟಿರಬೇಕು, ಮನೆಯಲ್ಲಿರುವ ಎರಡನೇ ಕೀಯನ್ನೂ ತರಿಸಿಕೊಂಡಿರಬೇಕು.

ಈ ಹಂತದಲ್ಲಿ ಅಡ್ಡ ನಿಲ್ಲುವುದು ಕೌಶಲವಲ್ಲ, ಪರವಾನಗಿ. ಕೋಡಿಂಗ್‌ಗೆ ಬೇಕಾದ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಕಾರು ರಿಪೇರಿಯ ಹಕ್ಕಿಗೆ ಒಪ್ಪಿಗೆ ಕೊಟ್ಟರು. ಇಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ, ಬಿಡಿಭಾಗಗಳನ್ನೂ ತಪಾಸಣಾ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿ ಮೀರಿದ ದಂಡ ಹಾಕಿತು. ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. ಬಾಗಿಲು ತೆರೆದರೆ ಕಳ್ಳರಿಗೂ ತೆರೆದಂತೆ ಎಂಬ ಕಂಪನಿಗಳ ವಾದ ಪೂರ್ತಿ ಹುರುಳಿಲ್ಲದ್ದಲ್ಲ. 2022ರಲ್ಲಿ ಲಂಡನ್ನಿನಲ್ಲಿ ಹೆಡ್‌ಲೈಟಿನ ಕಪ್ಲರ್ ಮೂಲಕ ಕ್ಯಾನ್ ವೈರಿಗೆ ಕೈಹಾಕಿ ಕಾರು ಕದ್ದದ್ದು ಬಯಲಾಗಿದೆ. ಆದರೆ ಆ ಕಳ್ಳರು ಯಾವ ಅಧಿಕೃತ ಸಾಫ್ಟ್‌ವೇರಿಗೂ ಕಾಯಲಿಲ್ಲ ಎಂಬುದೇ ವಾದದ ಬಿರುಕು. ಅಮೆರಿಕದಲ್ಲಿ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸಿಕೊಂಡ ಬೀಗದವರಿಗೆ, ಮೆಕ್ಯಾನಿಕ್‌ಗಳಿಗೆ ಕೀ ಕೋಡು ಕೊಡುವ ವ್ಯವಸ್ಥೆ ವರ್ಷಗಳಿಂದ ನಡೆದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೂ ಅಂಥ ನೋಂದಣಿ ಸಾಧ್ಯವಾಗದಿರಲು ತಾಂತ್ರಿಕ ಕಾರಣ ಯಾವುದೂ ಇಲ್ಲ.

ಬಿಸಿಎಂ ಎಂಬ ಒಂಟಿ ಪೆಟ್ಟಿಗೆಯೂ ಈಗ ಒಡೆಯುತ್ತಿದೆ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3ರಲ್ಲಿ ಬಾಡಿ ಕಂಟ್ರೋಲರುಗಳು ಮೂರು: ಮುಂದೊಂದು, ಎಡಕ್ಕೊಂದು, ಬಲಕ್ಕೊಂದು. ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ಫ್ಯೂಸುಗಳ ಜಾಗವನ್ನು ಅದರಲ್ಲಿ ಬಹುಪಾಲು ಚಿಪ್ಪುಗಳೇ ಆಕ್ರಮಿಸಿವೆ. ಫ್ಯೂಸು ಹಾರಿದೆಯೇ ಎಂದು ತಿಳಿಯಲೂ ಅಲ್ಲಿ ಸಾಫ್ಟ್‌ವೇರನ್ನೇ ಕೇಳಬೇಕು.