ಡೀಸೆಲ್ ಎಂಜಿನ್: ದೋಷ ಇಂಜೆಕ್ಟರ್‌ನದೋ, ವಾಲ್ವ್‌ನದೋ?

ಬೆಳಗಿನ ಹೊತ್ತು ಎಂಜಿನ್ ಬೇಗ ಚಾಲೂ ಆಗದು, ಆದರೆ ಕಪ್ಪು ಹೊಗೆ ಉಗುಳುತ್ತದೆ, ಏರು ಹತ್ತುವಾಗ ಶಕ್ತಿ ಕುಂದುತ್ತದೆ. ಇಂಥ ದೂರು ಕೇಳಿದೊಡನೆ ಇಂಜೆಕ್ಟರ್‌ಗಳ ಪೂರ್ಣ ಸೆಟ್ ಬದಲಿಸುವ ಸಲಹೆ ಬರುವುದುಂಟು. ಆ ಖರ್ಚು ಸಣ್ಣದಲ್ಲ. ಮೂಲ ದೋಷ ಮಾತ್ರ ಎಷ್ಟೋ ವೇಳೆ ಬೆರಳತುದಿಯಷ್ಟು ಗಾತ್ರದ ಒಂದು ವಾಲ್ವ್‌ನಲ್ಲಿ ಅಡಗಿರುತ್ತದೆ. ಫಿಲ್ಟರ್ ಕಟ್ಟಿಕೊಂಡಿಲ್ಲ, ಇಂಧನದಲ್ಲಿ ನೀರು ಸೇರಿಲ್ಲ, ಕೊಳವೆಯೊಳಗೆ ಗಾಳಿ ಹೊಕ್ಕಿಲ್ಲ ಎಂಬುದು ಖಚಿತವಾದ ಮೇಲೆ ಸರದಿ ವಾಲ್ವ್‌ಗಳದು.

ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಉತ್ಪಾದನೆ ಆರಂಭಿಸಿದ, ಮುಂದೆ ಬೆಂಗಳೂರಿನ ಮೈಕೋ (1951ರಲ್ಲಿ ಸ್ಥಾಪನೆ, 2008ರಿಂದ ಬಾಷ್ ಲಿಮಿಟೆಡ್) ಮೂಲಕ ನಾಡಿನ ಲಾರಿ, ಟ್ರ್ಯಾಕ್ಟರ್‌ಗಳಿಗೆ ಪರಿಚಿತವಾದ ಹಳೆಯ ಮಾದರಿಯ ಪಂಪಿನಲ್ಲಿ ಪ್ರತಿ ಸಿಲಿಂಡರ್‌ಗೂ ಒಂದು ಡೆಲಿವರಿ ವಾಲ್ವ್ ಇರುತ್ತದೆ. ಇಂಧನ ತಳ್ಳಿದ ಕೂಡಲೇ ಅದು ತನ್ನ ಪೀಠಕ್ಕೆ ಮರಳಿ, ಕೊಳವೆಯ ಒತ್ತಡವನ್ನು ತುಸು ಇಳಿಸಿ, ನಾಝಲ್ ಥಟ್ಟನೆ ಮುಚ್ಚುವಂತೆ ಮಾಡುತ್ತದೆ. ಪೀಠ ಸವೆದರೆ ಅಥವಾ ಸ್ಪ್ರಿಂಗ್ ಮುರಿದರೆ ನಾಝಲ್ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಡೀಸೆಲ್ ಸರಿಯಾಗಿ ಉರಿಯದೆ ಹೊಗೆಯಾಗುತ್ತದೆ.

ಇದರ ಪರೀಕ್ಷೆ ಸರಳ. ಎಂಜಿನ್ ನಿಲ್ಲಿಸಿ, ಪಂಪಿನ ಲಿವರನ್ನು 'ಸ್ಟಾಪ್' ಸ್ಥಾನದಲ್ಲಿಟ್ಟು, ಕೊಳವೆ ಬಿಚ್ಚಿ, ಕೈಪಂಪು ಒತ್ತಬೇಕು. ಬಾಯಿಯಲ್ಲಿ ಡೀಸೆಲ್ ಜಿನುಗಿದರೆ ವಾಲ್ವ್ ಪೀಠದಲ್ಲಿ ಸರಿಯಾಗಿ ಕೂರುತ್ತಿಲ್ಲವೆಂದೇ ಅರ್ಥ. ವಾಲ್ವ್ ಮತ್ತು ಅದರ ಪೀಠ ಜೋಡಿಯಾಗಿಯೇ ತಯಾರಾದವು. ಒಂದರ ವಾಲ್ವ್ ತೆಗೆದು ಇನ್ನೊಂದರ ಪೀಠಕ್ಕೆ ಹಾಕಕೂಡದು. ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಸೊರಗಿದ್ದರೆ ಅನುಮಾನ ಓವರ್‌ಫ್ಲೋ ವಾಲ್ವ್‌ನತ್ತ ತಿರುಗಬೇಕು. ಅದರ ಸ್ಪ್ರಿಂಗ್ ಸೋತರೆ ಪಂಪಿನೊಳಗಿನ ಒತ್ತಡವೇ ಕುಸಿಯುತ್ತದೆ.

1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯ ಕಥೆ ಬೇರೆ. ಇಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಂಜಿನ್ ಚಾಲೂ ಆಗದಿದ್ದರೆ ಒತ್ತಡ ಎಲ್ಲಿ ಸೋರುತ್ತಿದೆ ಎಂಬುದೇ ಪ್ರಶ್ನೆ. ಪ್ರತಿ ಇಂಜೆಕ್ಟರ್‌ನ ಮರಳುಕೊಳವೆಗೆ ಅಳತೆಯ ಬಾಟಲಿ ಜೋಡಿಸಿ ಸ್ಟಾರ್ಟರ್ ತಿರುಗಿಸಬೇಕು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್‌ನ ಒಳವಾಲ್ವ್ ಸವೆದಿದೆ. ಎಲ್ಲವೂ ಸಮನಾಗಿ, ಮಿತಿಯೊಳಗಿದ್ದರೆ ರೈಲ್ ಮೇಲಿನ ಒತ್ತಡಮಿತಿ ವಾಲ್ವ್‌ನ ಮರಳುಕೊಳವೆ ನೋಡಬೇಕು. ಅಲ್ಲಿ ಇಂಧನ ಹರಿಯಲೇಬಾರದು. ಅದೂ ಒಣಗಿದ್ದರೆ ಉಳಿಯುವುದು ಪಂಪು ಮತ್ತು ಅದರ ಸಕ್ಷನ್ ಕಂಟ್ರೋಲ್ ವಾಲ್ವ್. ಈ ವಾಲ್ವ್ ಅಂಟಿಕೊಂಡರೆ ಐಡ್ಲಿಂಗ್ ಏರಿಳಿಯುತ್ತದೆ, ಸ್ಕ್ಯಾನರ್‌ನಲ್ಲಿ ಬಯಸಿದ ಒತ್ತಡ ಒಂದು, ಇರುವುದು ಮತ್ತೊಂದು. ಕಾಯಿಲ್‌ನ ರೋಧ ಸರಿಯಿದ್ದ ಮಾತ್ರಕ್ಕೆ ವಾಲ್ವ್ ಸರಿಯಿದೆ ಎನ್ನಲಾಗದು. ಅದು ವಿದ್ಯುತ್ತಿನ ಪರೀಕ್ಷೆ ಅಷ್ಟೇ.

ಎಂಜಿನ್ ಓಡುತ್ತಿರುವಾಗಲೇ ಕೊಳವೆಯ ನಟ್ ಸಡಿಲಿಸಿ ಸಿಲಿಂಡರ್ ಪರೀಕ್ಷಿಸುವ ಹಳೆಯ ಗ್ಯಾರೇಜ್ ರೂಢಿ ಇಲ್ಲಿ ಪ್ರಾಣಾಪಾಯಕಾರಿ. ಸೋರಿಕೆಯನ್ನು ಬೆರಳಿನಿಂದ ಹುಡುಕುವುದೂ ಅಷ್ಟೇ. ಕಣ್ಣಿಗೆ ಕಾಣದ ಚಿಲುಮೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕು, ಇಲ್ಲವಾದರೆ ಬೆರಳೇ ಹೋದೀತು.

ಬಿಚ್ಚಿದ ವಾಲ್ವ್‌ನ ಜರಡಿಯಲ್ಲಿ ಲೋಹದ ಮಿನುಗುಪುಡಿ ಸಿಕ್ಕರೆ ವಾಲ್ವ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಪಂಪೇ ಸವೆಯುತ್ತಿದೆ, ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಇಡೀ ದಾರಿ ತೊಳೆಯಬೇಕಾಗುತ್ತದೆ.